ದೂರದ ಗುಂಡಿ, ಹತ್ತಿರದ ಕೈ

ಹ್ಯಾಮ್ ರೇಡಿಯೋ ಹವ್ಯಾಸ ಇರುವವರ ಮನೆಯಲ್ಲಿ ಆಂಟೆನಾ ತಾರಸಿಯ ಮೇಲೆ ಇರುತ್ತದೆ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರಿಹೋಗುವುದರಿಂದ ಕೆಲವರು ಟ್ರಾನ್ಸೀವರನ್ನೂ ಅದರ ಪವರ್ ಸಪ್ಲೈಯನ್ನೂ ತಾರಸಿಯ ಕೋಣೆಗೇ ಸಾಗಿಸಿ, ತಾವು ಕೆಳಗೆ ಕೂತು ಮಾತಾಡುತ್ತಾರೆ. ಆಗ ಪವರ್ ಸಪ್ಲೈ ಹಾಕಲು ಒಮ್ಮೆ ಮೆಟ್ಟಿಲು ಹತ್ತಬೇಕು, ಆರಿಸಲು ಇನ್ನೊಮ್ಮೆ ಹತ್ತಬೇಕು. ಕೂತಲ್ಲಿಂದಲೇ ಹಾಕಿ ಆರಿಸುವ ಒಂದು ಗುಂಡಿ ಇದ್ದಿದ್ದರೆ ಅನ್ನಿಸುವುದು ಸಹಜ. ಆಂಪ್ಲಿಫೈಯರ್ ಕಟ್ಟಿ ಕಪಾಟಿನೊಳಗೆ ಇಟ್ಟವರಿಗೂ, ತ್ರೀಡಿ ಪ್ರಿಂಟರನ್ನು ಮುಚ್ಚಿದ ಗೂಡಿನಲ್ಲಿ ನಡೆಸುವವರಿಗೂ ಇದೇ ಆಸೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ರಿಲೇ, ರಿಲೇ ಬೋರ್ಡು, ವೈಫೈ ಮಾಡ್ಯೂಲು ಎಲ್ಲವೂ ಸಿಗುತ್ತವೆ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸದಂತೆ ಕಾಣುತ್ತದೆ.

ಮಧ್ಯಾಹ್ನದಲ್ಲಿ ಮುಗಿಯಲೂಬಹುದು. ಆದರೆ ಆ ತಂತಿಯಲ್ಲಿ ಓಡುವುದು 230 ವೋಲ್ಟು. ಅದೂ ಮೀಟರು ತೋರಿಸುವ ಅಂಕಿ ಮಾತ್ರ. ಅಲೆಯ ತುದಿಯಲ್ಲಿ ಅದು ಸುಮಾರು 325 ವೋಲ್ಟಿನವರೆಗೆ ಏರಿ ಇಳಿಯುತ್ತಿರುತ್ತದೆ. ಹವ್ಯಾಸಿಗಳಲ್ಲಿ ಹೆಚ್ಚಿನವರು ಕೈ ಪಳಗಿಸಿಕೊಂಡದ್ದು 5 ವೋಲ್ಟು, 12 ವೋಲ್ಟುಗಳಲ್ಲಿ. ಅಲ್ಲಿ ತಂತಿ ತಪ್ಪಿದರೆ ಒಂದು ಚಿಪ್ಪು ಸುಡುತ್ತದೆ, ಹೊಗೆ ಬರುತ್ತದೆ, ಇನ್ನೊಂದು ಚಿಪ್ಪು ತಂದರೆ ಆಯಿತು. ಆ ಧೈರ್ಯವನ್ನೇ ಹೊತ್ತುಕೊಂಡು 230 ವೋಲ್ಟಿನ ಹತ್ತಿರ ಹೋಗುವಂತಿಲ್ಲ. ಈ ಮಾತು ಹೇಳಲೆಂದೇ ಇವತ್ತು ಬಂದಿದ್ದೇನೆ.

ರೇಡಿಯೋಗೂ ಈ ವಿಷಯಕ್ಕೂ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬುದು ಆ ಕೇಂದ್ರದ ಹೆಸರು. ಆ ಕಾಲದ ಟ್ರಾನ್ಸ್‌ಮಿಟರುಗಳೆಲ್ಲ ವಾಲ್ವಿನವು. ಚಿಕ್ಕವಕ್ಕೆ ನೂರಾರು ವೋಲ್ಟು ಬೇಕು, ದೊಡ್ಡವಕ್ಕೆ ಸಾವಿರಾರು. ಹಾಗಾಗಿ ಅಂಥ ಯಂತ್ರ ಕಟ್ಟಿದವರು ಒಂದು ಶಿಸ್ತನ್ನೂ ಕಟ್ಟಿದರು. ಟ್ರಾನ್ಸ್‌ಮಿಟರಿನ ಬಾಗಿಲು ತೆರೆದರೆ ಹೈ ವೋಲ್ಟೇಜು ತಾನೇ ಕಡಿದುಹೋಗಬೇಕು. ಅದಕ್ಕೆ ಇಂಟರ್‌ಲಾಕ್ ಎನ್ನುತ್ತಾರೆ. ಒಳಗೆ ಕೈ ಹಾಕುವ ಮೊದಲು, ಭೂಮಿಗೆ ಜೋಡಿಸಿದ ಲೋಹದ ಕೊಕ್ಕೆಯೊಂದನ್ನು ಉದ್ದ ಹಿಡಿಯಿಂದ ಹಿಡಿದು ಒಳಗಿನ ಭಾಗಗಳಿಗೆ ತಾಗಿಸಿ, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತನ್ನು ಇಳಿಸಬೇಕು. ಇಂಟರ್‌ಲಾಕ್ ಇದೆಯಲ್ಲ ಎಂದು ಕೊಕ್ಕೆ ಬಿಡುವಂತಿಲ್ಲ. ಕಾರ್ಖಾನೆಗಳಲ್ಲಿ ದೂರದಿಂದ ನಡೆಸುವ ಮೋಟಾರಿನ ಪಕ್ಕದಲ್ಲೂ ಮೂರು ಸ್ಥಾನದ ಒಂದು ಸ್ವಿಚ್ಚು ಇರುವುದುಂಟು: ಲೋಕಲ್, ಆಫ್, ರಿಮೋಟ್. ರಿಪೇರಿಗೆ ಹೋದವನು ಅದನ್ನು ಆಫ್‌ಗೆ ತಿರುಗಿಸಿ, ಯಂತ್ರದ ಲೈನನ್ನೂ ಕಡಿದು ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಆಮೇಲೆ ಕಂಟ್ರೋಲ್ ರೂಮಿನಲ್ಲಿ ಯಾರು ಏನು ಒತ್ತಿದರೂ ಆ ಮೋಟಾರು ಅಲುಗಾಡುವುದಿಲ್ಲ.

ಅಧಿಕಾರ ಯಾರ ಕೈಯಲ್ಲಿದೆ ನೋಡಿ. ದೂರದಲ್ಲಿ ಕೂತವನ ಕೈಯಲ್ಲಲ್ಲ, ಯಂತ್ರದ ಮುಂದೆ ನಿಂತವನ ಕೈಯಲ್ಲಿ. ನಮ್ಮ ಹವ್ಯಾಸದ ಪೆಟ್ಟಿಗೆಗೂ ಈ ನಿಯಮವೇ ಬೇಕು. ಮಾಮೂಲಿ ಸ್ವಿಚ್ಚನ್ನು ತೆಗೆದು ಆ ಜಾಗದಲ್ಲಿ ದೂರದ ಸ್ವಿಚ್ಚು ಕೂರಿಸಿದರೆ, ಪೆಟ್ಟಿಗೆಯ ಮುಂದೆ ನಿಂತವರು ತಮ್ಮ ಜೀವವನ್ನು ಕಾಣದವರ ಬೆರಳಿಗೆ ಒಪ್ಪಿಸಿದಂತೆ ಆಗುತ್ತದೆ. ತಾರಸಿಯ ಕೋಣೆಗೆ ಹಪ್ಪಳ ಒಣಹಾಕಲು ಹೋದ ಅಮ್ಮನಿಗೆ ಆ ಪೆಟ್ಟಿಗೆ ಯಾವ ಕ್ಷಣದಲ್ಲಿ ಚಾಲೂ ಆಗುತ್ತದೆಂದು ಗೊತ್ತಿರುವುದಿಲ್ಲ. ಹಾಗಾಗಿ ದೂರದ ಸ್ವಿಚ್ಚು ಹತ್ತಿರದ ಸ್ವಿಚ್ಚಿನ ಹಿಂದೆ, ಅದರ ಅಧೀನದಲ್ಲಿ ಇರಬೇಕು. ಹತ್ತಿರದ್ದು ಆಫ್ ಆಗಿದ್ದರೆ ದೂರದ್ದಕ್ಕೆ ಬಲವೇ ಇರಬಾರದು.

ಪೆಟ್ಟಿಗೆಯ ಒಳಗೆ ಹೋಗುವ ಮುಂಚೆ ಗೋಡೆಯ ಕಡೆ ಒಮ್ಮೆ ನೋಡೋಣ. ‘ಮನೆಗೆ ಎಂಸಿಬಿ ಹಾಕಿಸಿದ್ದೇನೆ, ಶಾಕ್ ಹೊಡೆದರೆ ಅದು ಬೀಳುತ್ತದೆ’ ಎಂದು ತಿಳಿದವರು ತುಂಬ ಜನ. ಓದಿಕೊಂಡವರೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ಅದು ಬೀಳುವುದಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್, ತಾವಾಗಿ ಮುಂದೆ ಬಂದವರ ಕೈಯಲ್ಲಿ ತಂತಿ ಹಿಡಿಸಿ, ಎಷ್ಟು ಕರೆಂಟು ಹರಿದರೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ ಎಂದು ಅಳೆದರು. ಗಂಡಸರಲ್ಲಿ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ಅದನ್ನು ಮೀರಿದರೆ ಸ್ನಾಯುಗಳು ಬಿಗಿದುಕೊಂಡು, ಮನಸ್ಸು ಬಿಡು ಅಂದರೂ ಕೈ ಬಿಡುವುದಿಲ್ಲ. ಮೈಯ ರೋಧ ಸಾವಿರದಿಂದ ಎರಡು ಸಾವಿರ ಓಮ್ ಎಂದು ಹಿಡಿದರೆ, 230 ವೋಲ್ಟಿಗೆ ನೂರು ಇನ್ನೂರು ಮಿಲಿ ಆಂಪಿಯರ್ ಹರಿಯುತ್ತದೆ. ಎದೆಯ ಬಡಿತ ತಪ್ಪಲು ಅಷ್ಟು ಸಾಕು. 6 ಆಂಪಿಯರಿನ ಎಂಸಿಬಿಗೆ ಅದು ಗಮನಕ್ಕೂ ಬರುವುದಿಲ್ಲ, ಏಕೆಂದರೆ 6 ಆಂಪಿಯರ್ ಅಂದರೆ 6000 ಮಿಲಿ ಆಂಪಿಯರ್. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿ ಸುಡದಿರಲಿ ಎಂದು.

ಮನುಷ್ಯರನ್ನು ಕಾಯಲು ಇರುವುದು ಬೇರೆ ಸಾಧನ, ಆರ್‌ಸಿಸಿಬಿ. ನಮ್ಮ ಎಲೆಕ್ಟ್ರಿಷಿಯನ್ನರು ಹಳೆಯ ರೂಢಿಯಿಂದ ಇಎಲ್‌ಸಿಬಿ ಎನ್ನುತ್ತಾರೆ. ಕಿರಾಣಿ ಅಂಗಡಿಯವರು ಸಂಜೆ ಹೋದದ್ದನ್ನೂ ಬಂದದ್ದನ್ನೂ ತಾಳೆ ನೋಡುವ ಹಾಗೆ, ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಅದು ಸದಾ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಲೆಕ್ಕ ತಪ್ಪಿದರೆ, ಯಾರದೋ ಮೈಯ ಮೂಲಕ ಭೂಮಿಗೆ ಹೋಯಿತು ಎಂದು ತಿಳಿದು ಲೈನನ್ನು ಕಡಿಯುತ್ತದೆ. ಸೋರಿಕೆ 150 ಮಿಲಿ ಆಂಪಿಯರ್ ಇದ್ದರೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದೊಳಗೆ ಕಡಿಯಬೇಕು ಎಂಬುದು ಮಾನಕ. ನಿಮ್ಮ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ದೂರದ ಸ್ವಿಚ್ಚಿನ ಯೋಚನೆ ಬದಿಗಿಡಿ. ಮೊದಲು ಅದನ್ನು ಹಾಕಿಸಿ. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ, ಆಗಾಗ ಒತ್ತಿ ಬೀಳುತ್ತದೋ ಇಲ್ಲವೋ ನೋಡಿ. ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲಿಗೂ ತಾಗಿದರೆ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಹೋದದ್ದು ಬಂದದ್ದು ಸರಿಯಾಗಿಯೇ ಇರುತ್ತದೆ, ಮಧ್ಯೆ ಇರುವುದು ನೀವು.

ಈಗ ಪೆಟ್ಟಿಗೆಯ ಒಳಗೆ. ಸ್ವಿಚ್ಚು ಯಾವ ತಂತಿಯನ್ನು ಕಡಿಯಬೇಕು? ಫೇಸನ್ನು ಎಂದು ಐಟಿಐ ಓದಿದ ಹುಡುಗರು ತಟ್ಟನೆ ಹೇಳುತ್ತಾರೆ. ಸರಿಯೇ. ಆದರೆ ಯಾವುದು ಫೇಸು? ನಮ್ಮ ಮೂರು ತೂತಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತು ಅರ್ತಿಂಗು. ಎದುರಿಗೆ ನಿಂತು ನೋಡಿದಾಗ ಬಲಗಡೆ ಫೇಸು, ಎಡಗಡೆ ನ್ಯೂಟ್ರಲು. ಹೀಗಿರಬೇಕು. ಎಷ್ಟೋ ಮನೆಗಳಲ್ಲಿ ಇದು ಅದಲು ಬದಲಾಗಿದೆ. ಗೋಡೆಯಲ್ಲಿ ಸರಿ ಇದ್ದರೂ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ತಿರುವುಮುರುವು. ಎರಡು ಪಿನ್ನಿನ ಪ್ಲಗ್ಗನ್ನಂತೂ ಹೇಗೆ ಬೇಕಾದರೂ ಚುಚ್ಚಬಹುದು. ಫೇಸನ್ನು ಕಡಿಯುತ್ತಿದ್ದೇನೆಂದು ನಂಬಿ ನೀವು ಕೂರಿಸಿದ ಒಂಟಿ ಕಾಂಟ್ಯಾಕ್ಟಿನ ರಿಲೇ, ಅಂಥ ಸಾಕೆಟ್ಟಿನಲ್ಲಿ ನ್ಯೂಟ್ರಲನ್ನು ಕಡಿಯುತ್ತದೆ. ಉಪಕರಣ ಆರುತ್ತದೆ, ದೀಪ ನಂದುತ್ತದೆ, ಆದರೆ ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ರಿಲೇವರೆಗಿನ ಪ್ರತಿ ತುಂಡಿನಲ್ಲೂ 230 ವೋಲ್ಟು ಕಾದು ಕೂತಿರುತ್ತದೆ. ಕೆಲಸ ಮಾಡದ, ಆದರೆ ಕೊಲ್ಲಬಲ್ಲ ಸ್ಥಿತಿ ಅದು. ಉರಿಯುತ್ತಿರುವ ಉಪಕರಣದ ಮುಂದೆ ಕೈ ತಾನಾಗಿಯೇ ಹುಷಾರಾಗಿರುತ್ತದೆ. ಆರಿದ ಉಪಕರಣದ ಮುಂದೆ ಹಾಗಿರುವುದಿಲ್ಲ.

ಆದ್ದರಿಂದ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯಿರಿ. ಹತ್ತಿರದ ಸ್ವಿಚ್ಚೂ ಡಬಲ್ ಪೋಲ್ ಇರಲಿ, ದೂರದ ರಿಲೇಯೂ ಡಬಲ್ ಪೋಲ್ ಇರಲಿ. ಅರ್ತಿಂಗಿನ ತಂತಿಯನ್ನು ಮಾತ್ರ ಯಾವ ಸ್ವಿಚ್ಚೂ ಎಂದಿಗೂ ಕಡಿಯಬಾರದು. ಕಂಪ್ಯೂಟರಿನ ಹಿಂದೆ ಇರುವಂಥ ಮೂರು ಪಿನ್ನಿನ ಪವರ್ ಸಾಕೆಟ್ಟು, ಫ್ಯೂಸಿನ ಗೂಡು, ಡಬಲ್ ಪೋಲ್ ಸ್ವಿಚ್ಚು ಇವು ಮೂರನ್ನೂ ಒಂದೇ ತುಂಡಿನಲ್ಲಿ ಮಾಡಿ ಮಾರುತ್ತಾರೆ. ಪೆಟ್ಟಿಗೆಯ ಹಿಂದೆ ಚೌಕ ಕೊರೆದು ಕೂರಿಸಿದರೆ ಅರ್ಧ ಕೆಲಸ ಅಚ್ಚುಕಟ್ಟಾಗಿ ಮುಗಿಯುತ್ತದೆ. ಕರೆಂಟು ಹರಿಯುವ ದಾರಿ ಹೀಗೆ: ಮೊದಲು ಫ್ಯೂಸು, ಆಮೇಲೆ ಕೈಸ್ವಿಚ್ಚು, ಆಮೇಲೆ ರಿಲೇ, ಕೊನೆಗೆ ಉಪಕರಣ. ಫ್ಯೂಸಿನ ಅಂದಾಜು ಕಷ್ಟವಲ್ಲ. 13.8 ವೋಲ್ಟಿನಲ್ಲಿ 20 ಆಂಪಿಯರ್ ಕೊಡುವ ಸಪ್ಲೈ ಅಂದರೆ 276 ವ್ಯಾಟು. ಒಳಗಿನ ನಷ್ಟ, ಪವರ್ ಫ್ಯಾಕ್ಟರು ಎಲ್ಲ ಸೇರಿಸಿದರೆ ಗೋಡೆಯಿಂದ ಎಳೆಯುವುದು ಸುಮಾರು ಎರಡೂವರೆ ಆಂಪಿಯರ್. ಅದಕ್ಕೆ 4 ಆಂಪಿಯರಿನ ನಿಧಾನ ಫ್ಯೂಸು ಸಾಕು. ತಂತಿ ಒಂದು ಚದರ ಮಿಲಿಮೀಟರಿನದು ಧಾರಾಳ.

ರಿಲೇಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಅದರ ಮೇಲೆ ನಾವು ಇಡುವ ನಂಬಿಕೆ ಅದರ ಯೋಗ್ಯತೆಗಿಂತ ದೊಡ್ಡದು. ರಿಲೇ ತೆರೆದುಕೊಂಡಾಗ ಅದರ ಕಾಂಟ್ಯಾಕ್ಟುಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಲೈನಿನಿಂದ ಪೂರ್ತಿ ಬೇರ್ಪಡಿಸುವ ಸ್ವಿಚ್ಚಿಗೆ ಮಾನಕಗಳು ಕೇಳುವುದು 3 ಮಿಲಿಮೀಟರ್. ಉಪಕರಣವನ್ನು ನಿಲ್ಲಿಸಲು ರಿಲೇಯ ಅಂತರ ಸಾಕು. ಅದನ್ನು ನಂಬಿ ಒಳಗೆ ಕೈ ಹಾಕಲು ಸಾಲದು. ಇನ್ನೊಂದು ತೊಂದರೆ ಕಾಂಟ್ಯಾಕ್ಟು ಅಂಟಿಕೊಳ್ಳುವುದು. ಎಸ್‌ಎಂಪಿಎಸ್ ಪವರ್ ಸಪ್ಲೈಯ ಒಳಗೆ ಖಾಲಿ ಕೆಪಾಸಿಟರು ಇರುತ್ತದೆ. ಹಾಕಿದ ಕ್ಷಣದಲ್ಲಿ ಅದು ತುಂಬಿಕೊಳ್ಳಲು ಹತ್ತಾರು ಆಂಪಿಯರ್ ಎಳೆಯುತ್ತದೆ, ಕೆಲವೇ ಮಿಲಿಸೆಕೆಂಡು. ಟೊರಾಯ್ಡ್ ಟ್ರಾನ್ಸ್‌ಫಾರ್ಮರಿನ ಸ್ವಭಾವವೂ ಹೀಗೆಯೇ. ಹವ್ಯಾಸದ ಬೋರ್ಡುಗಳ ಮೇಲೆ ಕಾಣುವ ಆ ಪುಟ್ಟ ನೀಲಿ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುವುದು ಹೀಟರಿನಂಥ ಸಾಧು ಲೋಡಿನ ಲೆಕ್ಕ. ಕೆಪಾಸಿಟರು ಎಳೆಯುವ ಆ ಕ್ಷಣದಲ್ಲಿ ಕಾಂಟ್ಯಾಕ್ಟಿನ ಲೋಹ ಕರಗಿ ಬೆಸೆದುಕೊಳ್ಳಬಹುದು. ಆಮೇಲೆ ಕೆಳಗಿನಿಂದ ಆಫ್ ಒತ್ತಿದರೆ ಕಾಯಿಲಿನ ವಿದ್ಯುತ್ತು ನಿಲ್ಲುತ್ತದೆ, ನಿಮ್ಮ ಮೇಜಿನ ಮೇಲಿನ ಸೂಚಕ ದೀಪವೂ ಆರುತ್ತದೆ, ಮೇಲಿನ ಪೆಟ್ಟಿಗೆ ಮಾತ್ರ ಓಡುತ್ತಲೇ ಇರುತ್ತದೆ.

ಇದಕ್ಕೆ ಎರಡು ಉಪಾಯ. ಲೋಡಿಗಿಂತ ಸಾಕಷ್ಟು ದೊಡ್ಡ ರಿಲೇಯನ್ನೋ ಚಿಕ್ಕ ಕಾಂಟ್ಯಾಕ್ಟರನ್ನೋ ಬಳಸಿ; ಸಪ್ಲೈಯೊಳಗೆ ಮೊದಲ ಎಳೆತ ತಗ್ಗಿಸುವ ಎನ್‌ಟಿಸಿ ಥರ್ಮಿಸ್ಟರು ಇದೆಯೇ ನೋಡಿ. ಇನ್ನು, ಕೆಳಗಿನ ದೀಪ ಗುಂಡಿಯ ಸ್ಥಿತಿಯನ್ನು ತೋರಿಸುವುದು ಬೇಡ, ಪೆಟ್ಟಿಗೆಯ ಸ್ಥಿತಿಯನ್ನು ತೋರಿಸಲಿ. ಮೇಲಿನ 13.8 ವೋಲ್ಟಿನ ಔಟ್‌ಪುಟ್ಟಿನಿಂದಲೇ ಒಂದು ತೆಳ್ಳನೆಯ ತಂತಿಯನ್ನು ಸಣ್ಣ ಫ್ಯೂಸಿನ ಮೂಲಕ ಕೆಳಗೆ ತಂದು ಎಲ್‌ಇಡಿ ಉರಿಸಿದರೆ, ಅದು ಹೇಳುವುದು ನಿಜ ಸುದ್ದಿ.

ಸಾಲಿಡ್ ಸ್ಟೇಟ್ ರಿಲೇ ಹಾಕಿದರೆ ಕಾಂಟ್ಯಾಕ್ಟಿನ ರಗಳೆಯೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಹೀಟರಿನ ಉಷ್ಣತೆಯನ್ನು ಹಿಡಿದಿಡಲು ಅದು ಒಳ್ಳೆಯ ವಸ್ತು. ಈ ಕೆಲಸಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ. ಅದು ಆಫ್ ಇದ್ದಾಗಲೂ ಕೆಲವು ಮಿಲಿ ಆಂಪಿಯರ್ ಸೋರಲು ಬಿಡುತ್ತದೆ. ಆನ್ ಇದ್ದಾಗ ಪ್ರತಿ ಆಂಪಿಯರಿಗೆ ಒಂದು, ಒಂದೂವರೆ ವ್ಯಾಟು ಶಾಖ ಬಿಡುತ್ತದೆ, ಅದಕ್ಕೆ ಹೀಟ್ ಸಿಂಕ್ ಬೇಕು. ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಆರದೆ ಉಳಿಯುತ್ತದೆ.

ರಿಲೇಯನ್ನು ಎಳೆಯುವ ಸಂಕೇತ ಕೆಳಗಿನಿಂದ ಮೇಲಕ್ಕೆ ಹೇಗೆ ಹೋಗಬೇಕು? ಕೆಲವರು ಸುಲಭದ ದಾರಿ ಹಿಡಿದು 230 ವೋಲ್ಟಿನ ಫೇಸನ್ನೇ ತೆಳ್ಳನೆಯ ಜೋಡಿ ತಂತಿಯಲ್ಲಿ ಕೆಳಗಿನ ಸ್ವಿಚ್ಚಿನವರೆಗೆ ತಂದು ವಾಪಸು ಒಯ್ಯುತ್ತಾರೆ. ಕಿಟಕಿಯ ಸಂದಿಯಲ್ಲಿ, ಬಾಗಿಲ ಕೆಳಗೆ ಹಾದುಹೋಗುವ ಆ ತಂತಿಯ ಮೇಲೆ ಒಂದು ಕುರ್ಚಿಯ ಕಾಲು ಕೂತರೆ ಸಾಕು. ಬೇಡ, ದಯವಿಟ್ಟು ಬೇಡ. 230 ವೋಲ್ಟು ಪೆಟ್ಟಿಗೆಯೊಳಗೇ ಉಳಿಯಲಿ. ಕೆಳಗಿನವರೆಗೆ ಬರುವುದು 12 ವೋಲ್ಟು ಮಾತ್ರ. ಅದನ್ನು ಕೊಡಲು ಐಎಸ್‌ಐ ಅಥವಾ ಬಿಐಎಸ್ ಗುರುತಿರುವ ಮುಚ್ಚಿದ ಅಡಾಪ್ಟರೊಂದನ್ನು ಕೆಳಗೆ, ನಿಮ್ಮ ಮೇಜಿನ ಬಳಿ ಇಡಿ. ರಿಲೇಯ ಕಾಯಿಲ್ ಕೇಳುವುದು ನೂರು ಮಿಲಿ ಆಂಪಿಯರಿನ ಆಸುಪಾಸು. ಸಾಧಾರಣ ಎರಡೆಳೆ ತಂತಿ ಸಾಕು. ಈ ಏರ್ಪಾಡಿನ ದೊಡ್ಡ ಗುಣವೆಂದರೆ ಅದು ಸೋಲುವ ರೀತಿ. ತಂತಿಯನ್ನು ಇಲಿ ಕಡಿದರೆ ರಿಲೇ ಬಿಡುತ್ತದೆ. ಅಡಾಪ್ಟರು ಸತ್ತರೆ ರಿಲೇ ಬಿಡುತ್ತದೆ. ಕೆಳಗಿನಿಂದ ಬರುವ 12 ವೋಲ್ಟು ಯಾವ ಕಾರಣಕ್ಕೆ ನಿಂತರೂ ಪೆಟ್ಟಿಗೆ ಆರಬೇಕೆಂಬುದೇ ಇದರ ಲೆಕ್ಕ.

12 ವೋಲ್ಟಿನ ಈ ತಂತಿಯ ತುದಿಗೆ ಮಾಮೂಲಿ ಎರಡು ಪಿನ್ನಿನ ಪ್ಲಗ್ಗು ಹಾಕಬೇಡಿ. ಹಳೆಯ ಸ್ಪೀಕರುಗಳಿಗೆ, ಬ್ಯಾಟರಿ ದೀಪಗಳಿಗೆ ಆ ಪ್ಲಗ್ಗು ಬಳಸುವ ಅಭ್ಯಾಸ ನಮ್ಮ ಊರುಗಳಲ್ಲಿ ಉಳಿದುಬಂದಿದೆ. ಅಂಥ ಪ್ಲಗ್ಗು ಕಂಡವರು ಒಂದಲ್ಲ ಒಂದು ದಿನ ಅದನ್ನು ಗೋಡೆಗೆ ಚುಚ್ಚುತ್ತಾರೆ. ಗೋಡೆಯ ಯಾವ ತೂತಿಗೂ ಹೋಗದ ಬೇರೆ ಜಾತಿಯ ಕನೆಕ್ಟರ್ ಬಳಸಿ.

ರಿಲೇಯ ಒಳಗೆ ಕಾಯಿಲಿಗೂ ಕಾಂಟ್ಯಾಕ್ಟಿಗೂ ನಡುವೆ ಇರುವ ನಿರೋಧನವೇ ನಿಮ್ಮ ಬೆರಳಿಗೂ 230 ವೋಲ್ಟಿಗೂ ನಡುವಿನ ಗೋಡೆ. ಡೇಟಾಶೀಟಿನಲ್ಲಿ ಈ ಎರಡರ ಮಧ್ಯೆ 4000 ವೋಲ್ಟಿನ ಪರೀಕ್ಷೆ ತಡೆದಿದೆ ಎಂದಿರುವ ರಿಲೇಯನ್ನೇ ಆರಿಸಿ. ಬೋರ್ಡಿನ ಮೇಲೆಯೂ ಆ ಗೋಡೆ ಮುಂದುವರಿಯಬೇಕು: 230 ವೋಲ್ಟಿನ ತಾಮ್ರದ ಗೆರೆಗೂ 12 ವೋಲ್ಟಿನ ಗೆರೆಗೂ ಕನಿಷ್ಠ 6 ಮಿಲಿಮೀಟರ್ ದೂರ ಇರಲಿ, 8 ಇದ್ದರೆ ನಿಶ್ಚಿಂತೆ. ಅಗ್ಗದ ರಿಲೇ ಬೋರ್ಡನ್ನು ಕೊಳ್ಳುವಾಗ ತಿರುಗಿಸಿ ನೋಡಿ. ಎರಡು ಮಿಲಿಮೀಟರ್ ಕೂಡ ಬಿಡದ ಬೋರ್ಡುಗಳಿವೆ. ಕರಾವಳಿಯ ತೇವದಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಧೂಳು ಹಸಿಯಾದರೆ ಆ ಅಂತರದ ಮೇಲೆ ಕರೆಂಟು ತೆವಳುತ್ತದೆ. ಎರಡೂ ಬಗೆಯ ತಂತಿಗಳನ್ನು ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. 230 ವೋಲ್ಟಿನ ತಂತಿಯೊಂದು ಸ್ಕ್ರೂನಿಂದ ಕಳಚಿಕೊಂಡರೆ ಅದರ ತುದಿ 12 ವೋಲ್ಟಿನ ಕಡೆ ಮುಟ್ಟುವಷ್ಟು ಉದ್ದ ಇದೆಯೇ ಎಂದು ಎಳೆದು ನೋಡಿ. ಇದ್ದರೆ ಮೊದಲೇ ಟೈ ಹಾಕಿ ಕಟ್ಟಿ.

ಇನ್ನು ಪೆಟ್ಟಿಗೆ. ಲೋಹದ್ದಾದರೆ ಅರ್ತಿಂಗು ಕಡ್ಡಾಯ. ಕರೆಂಟು ಒಳಗೆ ಬರುವ ಜಾಗದ ಪಕ್ಕದಲ್ಲೇ ಅದಕ್ಕೆಂದು ಒಂದು ಬೋಲ್ಟು ಕೂರಿಸಿ. ಟ್ರಾನ್ಸ್‌ಫಾರ್ಮರು ಹಿಡಿದಿರುವ ಬೋಲ್ಟನ್ನೇ ಇದಕ್ಕೂ ಬಳಸಬೇಡಿ. ಮುಂದೊಂದು ದಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿದವರು ಅರ್ತಿಂಗನ್ನೂ ಬಿಚ್ಚುತ್ತಾರೆ. ಬೋಲ್ಟಿನ ಸುತ್ತ ಬಣ್ಣ ಕೆರೆದು ಲೋಹ ಕಾಣಿಸಿ, ಹಲ್ಲಿರುವ ವಾಷರು ಹಾಕಿ, ಲಗ್ಗು ಒತ್ತಿದ ತಂತಿಯನ್ನು ಬಿಗಿಯಿರಿ. ಒಳಗಿನ ಮೂರು ತಂತಿಗಳಲ್ಲಿ ಹಸಿರು ತಂತಿಯನ್ನು ಸ್ವಲ್ಪ ಉದ್ದ ಬಿಡಬೇಕು. ಯಾರಾದರೂ ಕೇಬಲ್ ಎಡವಿ ಎಳೆದರೂ ಫೇಸು, ನ್ಯೂಟ್ರಲು ಕಿತ್ತುಬಂದ ಮೇಲೆಯೇ ಅರ್ತಿಂಗು ಕಿತ್ತುಬರುತ್ತದೆ. ಕೇಬಲ್ ನೇರವಾಗಿ ಒಳಗೆ ಬರುವುದಾದರೆ ತೂತಿಗೆ ಗ್ಲ್ಯಾಂಡು ಹಾಕಿ. ಒಳಗೆ ಗಂಟು ಕಟ್ಟಿ ಬಿಡುವ ಪದ್ಧತಿ ಸಾಲದು. ಗಾಳಿಯ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಬೇಕು. ಬೆಚ್ಚಗಿನ ಪೆಟ್ಟಿಗೆಯೊಳಗೆ ಹಲ್ಲಿ, ಇರುವೆ ಸೇರಿ ಟರ್ಮಿನಲ್ಲುಗಳ ಮಧ್ಯೆ ಸತ್ತು ಶಾರ್ಟ್ ಮಾಡುವುದು ನಮ್ಮಲ್ಲಿ ದಿನನಿತ್ಯದ ಮಾತು.

ಒಂದು ವಿಷಯಕ್ಕೆ ನಮ್ಮ ರೈತರನ್ನೇ ಕೇಳಬೇಕು. ದೂರದಿಂದ ಸ್ವಿಚ್ಚು ಹಾಕುವುದು ಅವರಿಗೆ ಹೊಸದಲ್ಲ. ಮೊಬೈಲಿನಿಂದ ಪಂಪ್‌ಸೆಟ್ ಚಾಲೂ ಮಾಡುವ ಸ್ಟಾರ್ಟರುಗಳು ಹೊಲಗಳಿಗೆ ಬಂದು ಎಷ್ಟೋ ಕಾಲವಾಯಿತು. ಅದಕ್ಕೂ ಮುಂಚಿನದು ಆಟೋ ಸ್ಟಾರ್ಟರು. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಮೋಟಾರು ತಾನೇ ಏಳುತ್ತದೆ, ರೈತ ಎದ್ದು ಹೋಗಬೇಕಿಲ್ಲ. ಅನುಕೂಲ ನಿಜ. ಆದರೆ ಕರೆಂಟಿಲ್ಲ ಎಂದು ನಂಬಿ ಮೋಟಾರಿಗೆ ಕೈ ಹಾಕಿದವನಿಗೆ ಅದೇ ಅಪಾಯ. ಮಾಮೂಲಿ ಸ್ಟಾರ್ಟರಿನ ಗುಣವೇ ಬೇರೆ: ಕರೆಂಟು ಹೋದರೆ ಬಿಡುತ್ತದೆ, ಬಂದರೆ ತಾನಾಗಿ ಹಿಡಿಯುವುದಿಲ್ಲ, ಯಾರಾದರೂ ಬಂದು ಹಸಿರು ಗುಂಡಿ ಒತ್ತಬೇಕು.

ನಮ್ಮ ಪೆಟ್ಟಿಗೆಗೂ ಈ ಎರಡನೆಯ ಸ್ವಭಾವವೇ ಇರಲಿ. ಮೇಜಿನ ಮೇಲೆ ಮಾಮೂಲಿ ಆನ್ ಆಫ್ ಸ್ವಿಚ್ಚು ಇಟ್ಟರೆ, ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ತಾನೇ ಏಳುತ್ತದೆ; ನೀವು ಆಗ ಊರಲ್ಲೇ ಇಲ್ಲದಿರಬಹುದು. ಅದರ ಬದಲು 12 ವೋಲ್ಟಿನ ಕಡೆಯೇ ಇನ್ನೊಂದು ಪುಟ್ಟ ರಿಲೇ ಇಟ್ಟು, ಒಂದು ಹಸಿರು, ಒಂದು ಕೆಂಪು ಒತ್ತು ಗುಂಡಿ ಜೋಡಿಸಿ. ಹಸಿರು ಒತ್ತಿದಾಗ ರಿಲೇ ಎಳೆದು ತನ್ನದೇ ಕಾಂಟ್ಯಾಕ್ಟಿನ ಮೂಲಕ ತನ್ನನ್ನು ಹಿಡಿದುಕೊಳ್ಳುತ್ತದೆ. ಕೆಂಪು ಒತ್ತಿದರೆ ಅಥವಾ ಕರೆಂಟು ಹೋದರೆ ಬಿಟ್ಟುಬಿಡುತ್ತದೆ. ಎರಡೂ ರಿಲೇಗಳ ಕಾಯಿಲಿಗೆ ಅಡ್ಡಲಾಗಿ ತಲಾ ಒಂದು ಡಯೋಡು ಹಾಕಿ, 1ಎನ್4007 ಸಾಕು.

ವೈಫೈ ಮೂಲಕ ಮಾಡಬಾರದೇ? ಮಾಡಬಹುದು. ಆಗ ಸಿದ್ಧವಾಗಿ ಸಿಗುವ, ಗುರುತು ಪಡೆದ ಸ್ಮಾರ್ಟ್ ಪ್ಲಗ್ಗನ್ನು ಗೋಡೆಗೆ ಹಾಕಿ, ಅದಕ್ಕೆ ನಿಮ್ಮ ಪೆಟ್ಟಿಗೆಯನ್ನು ಚುಚ್ಚುವುದು ಎಲ್ಲಕ್ಕಿಂತ ಒಳ್ಳೆಯದು. ಪೆಟ್ಟಿಗೆಯನ್ನು ತೆರೆಯುವ ಗೋಜೇ ಇಲ್ಲ. ಮೇನ್ಸ್ ತಂತಿಯ ಕೆಲಸ ಅಭ್ಯಾಸವಿಲ್ಲದ ಎಳೆಯರಿಗೆ ನಾನು ಹೇಳುವುದು ಇದನ್ನೇ. ಬಿಡಿ ವೈಫೈ ಬೋರ್ಡು ತಂದು ಒಳಗೆ ಕೂರಿಸುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಕೆಲವಕ್ಕೆ ಟ್ರಾನ್ಸ್‌ಫಾರ್ಮರಿನ ಪ್ರತ್ಯೇಕತೆ ಇಲ್ಲ. ಇಡೀ ಬೋರ್ಡು, ಪ್ರೋಗ್ರಾಮ್ ತುಂಬುವ ಪಿನ್ನುಗಳ ಸಮೇತ, ಮೇನ್ಸಿಗೇ ಅಂಟಿಕೊಂಡಿರುತ್ತದೆ. ಪ್ಲಗ್ಗು ಹಾಕಿರುವಾಗ ಅಂಥದ್ದಕ್ಕೆ ಲ್ಯಾಪ್‌ಟಾಪಿನ ತಂತಿ ಜೋಡಿಸಿದರೆ ಲ್ಯಾಪ್‌ಟಾಪು ಸುಡುವುದರ ಜೊತೆಗೆ ಅದರ ಮೇಲಿನ ಕೈಗಳಿಗೂ ಅಪಾಯ. ಹೀಟರಿರುವ ತ್ರೀಡಿ ಪ್ರಿಂಟರಿನಂಥದ್ದನ್ನು ಯಾರೂ ಮನೆಯಲ್ಲಿ ಇಲ್ಲದಾಗ ಫೋನಿನಿಂದ ಚಾಲೂ ಮಾಡುವುದನ್ನಂತೂ ನಾನು ಒಪ್ಪಲಾರೆ.

ಎಲ್ಲ ಕಟ್ಟಿ ಆಯಿತು. ಪ್ಲಗ್ಗು ಚುಚ್ಚುವ ಮುಂಚೆ ಮೀಟರು ಹಿಡಿಯಿರಿ. ಪ್ಲಗ್ಗಿನ ದಪ್ಪ ಪಿನ್ನಿನಿಂದ ಪೆಟ್ಟಿಗೆಯ ಪ್ರತಿ ಲೋಹದ ಭಾಗಕ್ಕೂ ರೋಧ ನೋಡಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರಬಾರದು. ಪರಿಚಯದ ಎಲೆಕ್ಟ್ರಿಷಿಯನ್ನರ ಬಳಿ 500 ವೋಲ್ಟಿನ ಮೆಗ್ಗರು ಇದ್ದರೆ, ಫೇಸು ನ್ಯೂಟ್ರಲು ಎರಡನ್ನೂ ಸೇರಿಸಿ ಅರ್ತಿಂಗಿನ ಎದುರು ಪರೀಕ್ಷಿಸಲು ಹೇಳಿ. ಎರಡು ಮೆಗಾಓಮಿಗಿಂತ ಕಡಿಮೆ ಬಂದರೆ ಎಲ್ಲೋ ದೋಷವಿದೆ. ಈ ಪರೀಕ್ಷೆ ಮಾಡುವಾಗ ಕೈಸ್ವಿಚ್ಚು ಆನ್ ಇರಬೇಕು, ಕಾಯಿಲಿಗೆ 12 ವೋಲ್ಟು ಕೊಟ್ಟು ರಿಲೇಯನ್ನೂ ಎಳೆಸಿರಬೇಕು. ಇಲ್ಲದಿದ್ದರೆ ರಿಲೇಯಾಚೆಗಿನ ಭಾಗ ಪರೀಕ್ಷೆಗೇ ಬರುವುದಿಲ್ಲ.

ಮೊದಲ ಸಲ ಕರೆಂಟು ಕೊಡುವುದು ಸೀರೀಸ್ ಬೋರ್ಡಿನ ಮೂಲಕ. ರೇಡಿಯೋ ರಿಪೇರಿ ಅಂಗಡಿಗಳಲ್ಲಿ 100 ವ್ಯಾಟಿನ ಹಳೆಯ ತಂತಿಬಲ್ಬು ಹಾಕಿದ ಆ ಮರದ ಹಲಗೆಯನ್ನು ಕೆಲವರಾದರೂ ನೋಡಿರುತ್ತೀರಿ. ಪೆಟ್ಟಿಗೆಯ ಜೊತೆ ಬಲ್ಬು ಸಾಲಾಗಿ ಇರುವುದರಿಂದ ಒಳಗೆ ಶಾರ್ಟ್ ಇದ್ದರೂ ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲ. ಔಟ್‌ಪುಟ್ಟಿಗೆ ಏನೂ ಜೋಡಿಸದೆ ಹಾಕಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಪ್ಲಗ್ಗು ಕಿತ್ತು ಹುಡುಕಿ. ಈಗ ಎಲ್‌ಇಡಿ ಬಲ್ಬೇ ಮನೆ ತುಂಬ. ಅದು ಈ ಕೆಲಸಕ್ಕೆ ಬರುವುದಿಲ್ಲ. ಹೆಂಡತಿ ಮಕ್ಕಳು ನಕ್ಕರೂ ಹಳೆಯ ಬಲ್ಬೊಂದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮತ್ತೆ ತೆರೆಯಬೇಕಾಗಿ ಬಂದಾಗ ಪ್ಲಗ್ಗು ಕಿತ್ತು, ಅದು ನಿಮ್ಮ ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟುಕೊಳ್ಳಿ. ಮೇನ್ ಸ್ವಿಚ್ಚು ಆರಿಸಿದ್ದೇನೆ ಎಂಬ ಭರವಸೆ ಸಾಲದು. ಮನೆಯಲ್ಲಿ ಇನ್ವರ್ಟರು ಇದ್ದರೆ ಅದರ ಲೈನು ಜೀವಂತವಾಗಿಯೇ ಇರುತ್ತದೆ. ಟೆಸ್ಟರು ಉರಿಯಲಿಲ್ಲ ಎಂಬುದೂ ಪ್ರಮಾಣವಲ್ಲ. ಚಪ್ಪಲಿ ಹಾಕಿ ಒಣ ಮಣೆಯ ಮೇಲೆ ನಿಂತರೆ ಫೇಸಿನ ಮೇಲೂ ಅದು ಉರಿಯದೆ ಇರಬಹುದು. ಪ್ಲಗ್ಗು ಕಿತ್ತ ಮೇಲೂ ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಸ್ವಲ್ಪ ಹೊತ್ತು ಕಾದು, ಮೀಟರಿನಲ್ಲಿ ಅಳೆದು, ಆಮೇಲೆ ಕೈ ಹಾಕಿ. ಗುಡುಗು ಕೇಳಿದರೆ ಕೆಳಗಿನ ಕೆಂಪು ಗುಂಡಿ ಒತ್ತಿ ಸುಮ್ಮನಿರಬೇಡಿ. ರಿಲೇಯ ಆ ಕೂದಲೆಳೆಯ ಅಂತರ ಸಿಡಿಲಿಗೆ ಲೆಕ್ಕವೇ ಅಲ್ಲ. ಪ್ಲಗ್ಗನ್ನೂ ಆಂಟೆನಾವನ್ನೂ ಕಳಚಿಡುವುದು ಮಳೆಯ ಮೋಡ ದೂರದಲ್ಲಿ ಇರುವಾಗಲೇ ಮುಗಿದಿರಬೇಕು. ಗುಡುಗು ಶುರುವಾದ ಮೇಲೆ ತಾರಸಿ ಹತ್ತಲೇಬಾರದು.

ಇನ್ನು ಉಳಿದಿರುವುದು ಒಂದು ಚೀಟಿ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಸರ್ಕ್ಯೂಟಿನ ಚಿತ್ರ, ಫ್ಯೂಸಿನ ಅಳತೆ, ರಿಲೇಯ ನಂಬರು ಬರೆದು ಅಂಟಿಸಿ; ನೀವು ಊರಲ್ಲಿ ಇಲ್ಲದಾಗ ಅದನ್ನು ಬಿಚ್ಚುವವರಿಗೆ ಬೇಕಾಗುತ್ತದೆ. ಹೊರಮೈಗೆ, ಮನೆಯವರೆಲ್ಲ ಓದುವ ಹಾಗೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಈ ಪೆಟ್ಟಿಗೆ ದೂರದಿಂದ ಚಾಲೂ ಆಗುತ್ತದೆ. ತೆರೆಯುವ ಮೊದಲು ಪ್ಲಗ್ಗು ಕೀಳಿ.’